ಹೊಸ ಮಿಗ್‌ಗೆ ಹಳೇ ಕೊಳೆ

ಊರೆಲ್ಲ ಗಾಡಿ ತೊಳೆಯುವ ದಿನ ಒಬ್ಬಾತ ಹೊಚ್ಚಹೊಸ ವಿಮಾನಕ್ಕೆ ಮಸಿ ಹಚ್ಚುತ್ತ ಕೂತಿದ್ದ. ಒಂದಡಿ ಉದ್ದದ ಪ್ಲಾಸ್ಟಿಕ್ ಮಾಡೆಲ್‌ಗೆ ವಯಸ್ಸು ತರಿಸುವುದು ಅರ್ಧ ಗಂಟೆಯ ಕೆಲಸ. ಕೆಳಗಿನ ಬಣ್ಣ ಕರಗದಂತೆ, ಪ್ಲಾಸ್ಟಿಕ್ ಸೀಳದಂತೆ ತರಿಸುವುದಕ್ಕೆ ಮಾತ್ರ ಒಂದಿಷ್ಟು ರಸಾಯನಶಾಸ್ತ್ರವೂ ಬಹಳಷ್ಟು ತಾಳ್ಮೆಯೂ ಬೇಕು.

2025ರ ಅಕ್ಟೋಬರ್ 1, ಆಯುಧಪೂಜೆ. ಬೆಂಗಳೂರಿನ ರಾಜಾಜಿನಗರದ ಒಂದು ಅಡ್ಡರಸ್ತೆಯಲ್ಲಿ ಬೆಳಗಿನ ಎಂಟಕ್ಕೇ ನೀರಿನ ಪೈಪುಗಳು ಗೇಟಿನಿಂದಾಚೆ ಬಂದಿದ್ದವು. ಸ್ಕೂಟರುಗಳ ಮಡ್‌ಗಾರ್ಡಿನಡಿ ಮಳೆಗಾಲವಿಡೀ ಗಟ್ಟಿಯಾಗಿದ್ದ ಕೆಸರು ಕರಗಿ ಚರಂಡಿ ಸೇರುತ್ತಿತ್ತು. ಆಟೊ ಒಂದಕ್ಕೆ ಬಾಳೆಕಂದು ಕಟ್ಟಿಯಾಗಿತ್ತು, ಸೇವಂತಿಗೆ ಮಾಲೆ ಬಿದ್ದಿತ್ತು. ಚಕ್ರದಡಿ ನಿಂಬೆಹಣ್ಣು ಇಡುವುದಷ್ಟೇ ಬಾಕಿ.

ಅದೇ ರಸ್ತೆಯ ಒಂದು ಮನೆಯ ಮೊದಲ ಮಹಡಿಯಲ್ಲಿ, ನಲವತ್ತು ದಾಟಿದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಹಣೆಗೆ ಭೂತಗನ್ನಡಿ ಕಟ್ಟಿಕೊಂಡು ಮೇಜಿನ ಮೇಲೆ ಬಗ್ಗಿದ್ದರು. ಎದುರಿಗೆ 1/48 ಅಳತೆಯ ಮಿಗ್-21. ಜೆಕ್ ದೇಶದ ಎಡ್ವಾರ್ಡ್ ಕಂಪನಿಯ ಕಿಟ್. ಅಂಟಿಸಿ, ಉಜ್ಜಿ, ಬೂದು ಬಣ್ಣ ಹೊಡೆದು, ವಾಯುಪಡೆಯ ವೃತ್ತಾಕಾರದ ಗುರುತುಗಳನ್ನು ಕೂರಿಸುವುದರಲ್ಲಿ ಎರಡು ತಿಂಗಳ ಭಾನುವಾರಗಳು ಕರಗಿದ್ದವು. ಈಗ ಅದು ಶೋರೂಮಿನಿಂದ ಇಳಿಸಿದ ಕಾರಿನಂತೆ ಫಳಫಳ ಹೊಳೆಯುತ್ತಿತ್ತು. ಆ ಹೊಳಪಿನ ಮೇಲೆ ಅವರು ಸಣ್ಣ ಕುಂಚದಿಂದ ಕಡುಬೂದು ದ್ರವವೊಂದನ್ನು ಮುಟ್ಟಿಸುತ್ತಿದ್ದರು.

ಕಾಫಿ ತಂದ ತಾಯಿಗೆ ತಡೆಯಲಾಗಲಿಲ್ಲ. "ಊರೋರೆಲ್ಲ ಇದ್ದ ಕೊಳೆ ತೊಳೀತಿದ್ರೆ, ನೀನು ಇಲ್ಲದ ಕೊಳೆ ಬಳೀತಿದೀಯಲ್ಲೋ! ಅದಕ್ಕೂ ಒಂದು ಕುಂಕುಮ ಇಡ್ಲೋ ಬೇಡ್ವೋ?"

"ಇವತ್ತು ಬೇಡಮ್ಮ, ಹಸಿ ಇದೆ. ಮುಟ್ಬೇಡ ಅಷ್ಟೆ."

ಇದಕ್ಕೆ ಐದು ದಿನ ಮೊದಲು, ಸೆಪ್ಟೆಂಬರ್ 26ರಂದು, ಚಂಡೀಗಢದಲ್ಲಿ ಅಸಲಿ ಮಿಗ್-21ಗಳು ಕೊನೆಯ ಬಾರಿ ಹಾರಿ ಇಳಿದಿದ್ದವು. 1963ರಲ್ಲಿ ವಾಯುಪಡೆಗೆ ಸೇರಿ ಅರವತ್ತೆರಡು ವರ್ಷ ದುಡಿದ ವಿಮಾನಕ್ಕೆ ನೀರಿನ ಫಿರಂಗಿಗಳ ಸಲಾಮು ಸಂದಿತು. ಕೊನೆಯ ದಳ 23ನೇ ಸ್ಕ್ವಾಡ್ರನ್, ಪ್ಯಾಂಥರ್ಸ್. ಟಿವಿಯಲ್ಲಿ ಅದನ್ನು ಕಂಡ ಹವ್ಯಾಸಿಗಳು ಕಪಾಟಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಕಿಟ್‌ಗಳನ್ನು ಕೆಳಗಿಳಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಅರವತ್ತೆರಡು ವರ್ಷದ ಸೇವೆಯನ್ನು ನೆನೆಯಬೇಕಾದ ಮಾಡೆಲ್ ನಿನ್ನೆ ಕಾರ್ಖಾನೆಯಿಂದ ಬಂದಂತಿದ್ದರೆ ಹೇಗೆ? ಬಿಸಿಲು, ಮಳೆ, ಹೊಗೆ, ಎಣ್ಣೆ, ಮೆಕ್ಯಾನಿಕ್‌ಗಳ ಬೂಟು, ಇವೆಲ್ಲದರ ಗುರುತು ಬೇಕು. ಈ ಗುರುತು ಮೂಡಿಸುವ ಕೆಲಸಕ್ಕೆ ಹವ್ಯಾಸಿಗಳು ವೆದರಿಂಗ್ ಎನ್ನುತ್ತಾರೆ. ಅದರಲ್ಲಿ ಮೊದಲು ಕಲಿಯುವ, ಅಷ್ಟೇ ಸುಲಭವಾಗಿ ಕೆಡಿಸಿಕೊಳ್ಳುವ ವಿದ್ಯೆಯೇ ವಾಶ್.

ಬತ್ತಿ ಎಣ್ಣೆ ಹೀರಿದಂತೆ

ವಾಶ್ ಎಂದರೆ ತೊಳೆಯುವುದಲ್ಲ. ಒಂದು ಪಾಲು ಬಣ್ಣಕ್ಕೆ ಎಂಟು-ಹತ್ತು ಪಾಲು ಥಿನ್ನರ್ ಬೆರೆಸಿದ, ತಿಳಿಸಾರಿನಷ್ಟು ತೆಳ್ಳಗಿನ ದ್ರವ. ವಿಮಾನದ ಮೈಯ ಲೋಹದ ಹಾಳೆಗಳು ಸೇರುವ ಜಾಗವನ್ನು ಕಿಟ್ ತಯಾರಕರು ಕೂದಲೆಳೆಯ ಗೆರೆಗಳಾಗಿ ಕೊರೆದಿರುತ್ತಾರೆ. ಆ ಗೆರೆಗಳನ್ನು, ಮೊಳೆಗುರುತುಗಳನ್ನು, ಮೂಲೆಗಳನ್ನು ಎತ್ತಿ ತೋರಿಸುವುದು ವಾಶ್‌ನ ಕೆಲಸ.

ರಾಜಾಜಿನಗರದ ಮೇಜನ್ನು ಹತ್ತಿರದಿಂದ ನೋಡಿ. ಕುಂಚದ ತುದಿ ರೆಕ್ಕೆಯ ಒಂದು ಗೆರೆಯನ್ನು ಮುಟ್ಟುತ್ತದೆ, ಅಷ್ಟೆ. ಎಳೆಯುವುದಿಲ್ಲ, ಒತ್ತುವುದಿಲ್ಲ. ಕಡುಬೂದು ದ್ರವ ತಾನಾಗಿ ಗೆರೆ ಹಿಡಿದು ಓಡುತ್ತದೆ, ಅಡ್ಡಗೆರೆ ಸಿಕ್ಕಲ್ಲಿ ಕವಲೊಡೆಯುತ್ತದೆ, ಎರಡು ಅಂಗುಲ ಸಾಗಿ ನಿಲ್ಲುತ್ತದೆ. ನೋಡುತ್ತಿದ್ದಂತೆ ಖಾಲಿ ಬೂದು ರೆಕ್ಕೆಯ ಮೇಲೆ ಇರುವೆ ಸಾಲಿನಷ್ಟು ಸಪೂರವಾದ ನಕ್ಷೆಯೊಂದು ಮೂಡುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆಯನ್ನು ಮೇಲೇರಿಸುವ ಶಕ್ತಿಯೇ ಇಲ್ಲಿಯೂ ಕೆಲಸ ಮಾಡುತ್ತದೆ. ಕಿರಿದಾದ ಸಂದು ದ್ರವವನ್ನು ತಾನೇ ಎಳೆದುಕೊಳ್ಳುತ್ತದೆ.

ಆದರೆ ಅದು ಓಡಬೇಕಾದರೆ ಮೈ ನುಣುಪಾಗಿರಬೇಕು. ಮಂಕು ಬಣ್ಣದ, ಅಂದರೆ ಹವ್ಯಾಸಿಗಳು ಮ್ಯಾಟ್ ಎನ್ನುವ ಬಣ್ಣದ ಮೇಲ್ಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅರೆಯುವ ಕಲ್ಲಿನಂತೆ ಗುಳಿಗುಳಿ. ವಾಶ್‌ನ ಬಣ್ಣದ ಕಣಗಳು ಆ ಗುಳಿಗಳಲ್ಲಿ ಕೂತುಬಿಟ್ಟರೆ ಒರೆಸಿದರೂ ಏಳುವುದಿಲ್ಲ, ಇಡೀ ರೆಕ್ಕೆ ಕೊಳಕು ಒರೆಸುಬಟ್ಟೆಯಂತಾಗುತ್ತದೆ. ಅದಕ್ಕೇ ವಾಶ್‌ಗೆ ಮುನ್ನ ಹೊಳಪಿನ ವಾರ್ನಿಷ್ ಹೊಡೆಯುವುದು. ಮೊದಲು ಬಣ್ಣ, ಮೇಲೆ ಹೊಳಪು, ಅದರ ಮೇಲೆ ಡೆಕಾಲ್ ಎಂಬ ಅಂಟುಚಿತ್ರದ ಗುರುತುಗಳು, ಮತ್ತೆ ಹೊಳಪು, ಆಮೇಲೆ ವಾಶ್, ಎಲ್ಲ ಒಣಗಿದ ಮೇಲೆ ಕೊನೆಗೆ ಮ್ಯಾಟ್ ವಾರ್ನಿಷ್. ಅದರ ಮೇಲೆ ಏನನ್ನೂ ಮುಟ್ಟಿಸಬಾರದು.

ನೆಲದ ಪಾಲಿಶ್‌ನ ಪುಣ್ಯ
*ದಶಕಗಳ ಕಾಲ ಮಾಡೆಲ್ ಲೋಕದ ಅಚ್ಚುಮೆಚ್ಚಿನ ಹೊಳಪು ವಾರ್ನಿಷ್ ಯಾವ ಹವ್ಯಾಸದ ಅಂಗಡಿಯದ್ದೂ ಆಗಿರಲಿಲ್ಲ. ಅಮೆರಿಕದಲ್ಲಿ ಫ್ಯೂಚರ್, ಬ್ರಿಟನ್ನಿನಲ್ಲಿ ಕ್ಲಿಯರ್ ಎಂಬ ಹೆಸರಿನಲ್ಲಿ ಮಾರುತ್ತಿದ್ದ ನೆಲಕ್ಕೆ ಹಚ್ಚುವ ಅಕ್ರಿಲಿಕ್ ಪಾಲಿಶ್ ಅದು. ನೀರಿನಂತೆ ತೆಳ್ಳಗೆ, ತನ್ನಷ್ಟಕ್ಕೆ ಸಮನಾಗಿ ಹರಡಿಕೊಳ್ಳುವ ಗುಣ. ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳವನ್ನು ಅದರಲ್ಲಿ ಅದ್ದಿ ತೆಗೆದರೆ ಗಾಜಿನಂತೆ ಮಿನುಗುತ್ತಿತ್ತು. ಬೇಡವಾದರೆ ಅಮೋನಿಯ ಇರುವ ದ್ರಾವಣದಲ್ಲಿ ಬಿಟ್ಟುಕೊಳ್ಳುತ್ತಿತ್ತು.*

ಕೊಳೆಯ ಹಿರೀಕರು

ಆಟಿಕೆ ಮಾಡುವವರು ಹೊಳಪನ್ನೇ ಹೆಮ್ಮೆ ಎಂದುಕೊಂಡಿದ್ದ ಕಾಲದಲ್ಲಿ ಕೊಳೆಗೆ ಮರ್ಯಾದೆ ತಂದವರಲ್ಲಿ ಒಬ್ಬ, ಕ್ಯಾಲಿಫೋರ್ನಿಯಾದ ಮಾಂಟೆರೆಯ ಜಾನ್ ಆಲೆನ್. ವೃತ್ತಿಯಿಂದ ಛಾಯಾಗ್ರಾಹಕ. 1940ರ ದಶಕದಿಂದ ಮನೆಯಲ್ಲಿ 'ಗೋರಿ ಅಂಡ್ ಡಿಫೀಟೆಡ್' ಎಂಬ ಪುಟಾಣಿ ರೈಲುಮಾರ್ಗ ಕಟ್ಟುತ್ತ ಬಂದ. ರಕ್ತಸಿಕ್ತ, ಸೋತುಸುಣ್ಣ ಎಂಬ ಅರ್ಥ ಬರುವಂತೆ ಇಟ್ಟ ಕುಚೇಷ್ಟೆಯ ಹೆಸರು. ಅವನ ಎಂಜಿನ್ನುಗಳಿಗೆ ಹೊಗೆಮಸಿ ಇತ್ತು, ಕಟ್ಟಡಗಳ ಹಲಗೆಗಳು ಬಣ್ಣಗೆಟ್ಟಿದ್ದವು. ಬೆಳಕು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿ ಕೂರುತ್ತದೆ ಎಂಬುದು ಛಾಯಾಗ್ರಾಹಕನಿಗೆ ಗೊತ್ತಿರುತ್ತದಲ್ಲ. 1973ರ ಜನವರಿಯಲ್ಲಿ ಆಲೆನ್ ತೀರಿಕೊಂಡ. ಕೆಲವೇ ದಿನಗಳಲ್ಲಿ ಮನೆಗೆ ಬೆಂಕಿ ಬಿದ್ದು ಆ ರೈಲುಮಾರ್ಗವೂ ಹಾಳಾಯಿತು. ಉಳಿದಿರುವುದು ಅವನೇ ತೆಗೆದ ಫೋಟೊಗಳು.

ಬ್ರಿಟನ್ನಿನಲ್ಲಿ 1965ರ 'ಥಂಡರ್‌ಬರ್ಡ್ಸ್' ಬೊಂಬೆ ಧಾರಾವಾಹಿಗೆ ಮಾಡೆಲ್ ಮಾಡಿದ ಡೆರೆಕ್ ಮೆಡಿಂಗ್ಸ್ ತಂಡವೂ ರಾಕೆಟ್ಟುಗಳನ್ನು ಬೇಕೆಂದೇ ಕೊಳೆ ಮಾಡುತ್ತಿತ್ತು. ಹೊಳೆಯುವ ಮಾಡೆಲ್ ಕ್ಯಾಮೆರಾದ ಮುಂದೆ ಆಟಿಕೆಯಾಗಿಯೇ ಉಳಿಯುತ್ತದೆ, ಕಲೆ ಇದ್ದದ್ದು ದೊಡ್ಡದಾಗಿ ಕಾಣುತ್ತದೆ. 1977ರ 'ಸ್ಟಾರ್ ವಾರ್ಸ್' ಈ ಗುಟ್ಟನ್ನು ಜಗತ್ತಿಗೇ ತೋರಿಸಿತು. ಅಂಗಡಿಯಲ್ಲಿ ಸಿಗುವ ಟ್ಯಾಂಕ್, ಹಡಗು, ಕಾರಿನ ಕಿಟ್‌ಗಳ ಬಿಡಿಭಾಗಗಳನ್ನು ಮೈತುಂಬ ಅಂಟಿಸಿಕೊಂಡಿದ್ದ ಮಿಲೆನಿಯಂ ಫಾಲ್ಕನ್ ನೌಕೆ ಗ್ಯಾರೇಜಿನಲ್ಲಿ ಬಿದ್ದ ಹಳೇ ಲಾರಿಯಂತೆ ಕಂಡದ್ದರಿಂದಲೇ ಜನ ಅದನ್ನು ನಂಬಿದರು.

ಹವ್ಯಾಸದ ಮೇಜಿಗೆ ವಾಶ್ ಹತ್ತಿದ್ದು ಬಹುಮಟ್ಟಿಗೆ ಅಮೆರಿಕದ ಶೆಪರ್ಡ್ ಪೇನ್, ಬೆಲ್ಜಿಯಂನ ಫ್ರಾಂಸ್ವಾ ವರ್ಲಿಂಡನ್ ಅವರ ಕಾಲದಲ್ಲಿ, 1970-80ರ ದಶಕಗಳಲ್ಲಿ. ಆಮೇಲೆ ಸ್ಪೇನ್‌ನವರು ಬಂದರು. ಮಿಗ್ ಹಿಮೆನೆಸ್ ಎಂಬಾತ (ಅವನ ಹೆಸರಿಗೂ ವಿಮಾನಕ್ಕೂ ಸಂಬಂಧವಿಲ್ಲ) ಕೊಳೆಯನ್ನೇ ಉದ್ಯಮ ಮಾಡಿದ. ಇಂದು ಜಂಗು, ಕೆಸರು, ಎಣ್ಣೆಕಲೆ, ಹೊಗೆ ಪ್ರತಿಯೊಂದೂ ಬೇರೆ ಬೇರೆ ಶೀಶೆಯಲ್ಲಿ ಸಿಗುತ್ತದೆ. ಜಪಾನಿನ ಟಮಿಯಾ ಕಂಪನಿಯ ಪ್ಯಾನೆಲ್ ಲೈನ್ ಬಣ್ಣದ 40 ಮಿಲಿಲೀಟರ್ ಶೀಶೆಗೆ ಮುಚ್ಚಳದಲ್ಲೇ ಕುಂಚ, ಉಗುರಿನ ಬಣ್ಣದ ಶೀಶೆಯ ಹಾಗೆ. ದುಡ್ಡು ಕೊಟ್ಟು ಕೊಳೆ ಕೊಳ್ಳುವುದೇ ಎಂದು ರಾಜಾಜಿನಗರದ ತಾಯಿ ಕೇಳಿದ್ದು ಇದನ್ನು ಕಂಡೇ.

"ಥಿನ್ನರ್ ಕೊಡಿ" ಎಂದು ಕೇಳಿದ ಕಥೆ

ಕೊಳೆ ಸುಲಭವಾಗಿ ಶೀಶೆಯಲ್ಲಿ ಸಿಗುವುದೇ ಅಪಾಯದ ಮೂಲವೂ ಹೌದು. ಶೀಶೆಯ ಮೇಲೆ ಬಣ್ಣದ ಹೆಸರು ದೊಡ್ಡದಾಗಿರುತ್ತದೆ, ಒಳಗಿನ ದ್ರಾವಕದ ಹೆಸರು ಸಣ್ಣಕ್ಷರದಲ್ಲಿ. ಕೆಡಿಸುವುದು ದ್ರಾವಕ.

ರಾಜಾಜಿನಗರದ ಎಂಜಿನಿಯರ್ ಇದನ್ನು ಕಲಿತದ್ದು ಕೆಲವು ವರ್ಷಗಳ ಹಿಂದೆ, ಏರ್‌ಫಿಕ್ಸ್‌ನ 1/72 ಅಳತೆಯ ನ್ಯಾಟ್ ವಿಮಾನದ ಮೇಲೆ. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ವಿಮಾನ ಎಂಬ ಅಭಿಮಾನದಿಂದ ಕಟ್ಟಿದ ಮಾಡೆಲ್. ಎನಾಮಲ್ ವಾಶ್ ಗಟ್ಟಿಯಾಗಿತ್ತು, ತೆಳು ಮಾಡಬೇಕಿತ್ತು. ಬೀದಿಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಅರ್ಧ ಲೀಟರ್ ಥಿನ್ನರ್ ಕೊಡಿ" ಎಂದರು. ಅಂಗಡಿಯವರು ಕೇಳಿದ್ದನ್ನೇ ಕೊಟ್ಟರು.

ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬರೀ ಥಿನ್ನರ್ ಎಂದರೆ ಸಾಮಾನ್ಯವಾಗಿ ಸಿಗುವುದು ಎನ್‌ಸಿ ಥಿನ್ನರ್, ಪೀಠೋಪಕರಣದ ಪಾಲಿಶ್‌ಗೆ, ಗ್ಯಾರೇಜಿನ ಸ್ಪ್ರೇ ಬಣ್ಣಕ್ಕೆ ಬಳಸುವ ಕಟುವಾಸನೆಯ ದ್ರವ. ಅದರಲ್ಲಿ ಟಾಲ್ವೀನ್‌ನಂಥ ಖಾರದ ದ್ರಾವಕಗಳಿರುತ್ತವೆ. ಕಿಟ್‌ಗಳ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಟಾಲ್ವೀನ್ ಅದನ್ನು ಕರಗಿಸಿಯೇ ಬಿಡುತ್ತದೆ. ಅವರಿಗೆ ಬೇಕಾಗಿದ್ದದ್ದು ಮಿನರಲ್ ಟರ್ಪಂಟೈನ್, ಗೋಡೆಗೂ ಕಿಟಕಿಗೂ ಹೊಡೆಯುವ ಎನಾಮಲ್‌ಗೆ ಬೆರೆಸುವ ಟರ್ಪ್. ಹೆಸರು ಬೇರೆ, ಡಬ್ಬ ಬೇರೆ, ಗುಣ ಪೂರ್ತಿ ಬೇರೆ.

ನ್ಯಾಟ್‌ನ ರೆಕ್ಕೆಗೆ ಕುಂಚ ಮುಟ್ಟಿಸಿ ಹತ್ತೆಣಿಸುವಷ್ಟರಲ್ಲಿ ಬಣ್ಣ ಕಾಸಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಗಾಬರಿಯಲ್ಲಿ ಬಡ್ಸ್‌ನಿಂದ ಒರೆಸಿದರು. ಹತ್ತಿಯ ಜತೆ ಬಣ್ಣ ಎದ್ದು ಬಂತು, ಬಣ್ಣದಡಿಯ ಪ್ರೈಮರ್ ಬಂತು, ಪ್ರೈಮರಿನಡಿ ಮೆತ್ತಗಾದ ಪ್ಲಾಸ್ಟಿಕ್‌ನಲ್ಲಿ ಹತ್ತಿಯ ಎಳೆಗಳು ನೆಟ್ಟು ನಿಂತವು. ಆ ನ್ಯಾಟ್ ಇವತ್ತಿಗೂ ಕಪಾಟಿನಲ್ಲಿದೆ, ಎಡರೆಕ್ಕೆ ಗೋಡೆಯ ಕಡೆಗೆ.

ಯಾರ ಮೇಲೆ ಯಾರು

ಹವ್ಯಾಸದ ಬಣ್ಣಗಳೆಲ್ಲ ಮೂರು ಮನೆತನಕ್ಕೆ ಸೇರಿದವು. ನೀರಿನ ಅಕ್ರಿಲಿಕ್, ಟರ್ಪ್‌ನ ಎನಾಮಲ್ (ಕಲಾವಿದರ ಎಣ್ಣೆಬಣ್ಣ ಇದರ ದಾಯಾದಿ), ಖಾರದ ಥಿನ್ನರ್‌ನ ಲ್ಯಾಕರ್. ಮೇಲೆ ಹಚ್ಚುವ ವಾಶ್‌ನ ದ್ರಾವಕ ಕೆಳಗಿನ ಬಣ್ಣವನ್ನು ಕರಗಿಸುವಂಥದ್ದಾಗಿರಬಾರದು. ಸುರಕ್ಷತೆಯ ಮುಕ್ಕಾಲು ಪಾಲು ಇಷ್ಟೇ.

ಅಕ್ರಿಲಿಕ್ ಒಣಗುವಾಗ ನೀರು ಹಾರಿ, ಅದರೊಳಗಿನ ಪ್ಲಾಸ್ಟಿಕ್ ಹನಿಗಳು ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ. ಚೆನ್ನಾಗಿ ಒಣಗಿದ ಆ ಪೊರೆಯನ್ನು ಟರ್ಪ್ ಏನೂ ಮಾಡದು, ಆದರೆ ಸ್ಪಿರಿಟ್ ಎಬ್ಬಿಸುತ್ತದೆ. ಲ್ಯಾಕರ್ ಪೊರೆಗೂ ಟರ್ಪ್ ಎಂದರೆ ಲೆಕ್ಕಕ್ಕಿಲ್ಲ. ಹಾಗಾಗಿ ಅಕ್ರಿಲಿಕ್ ಅಥವಾ ಲ್ಯಾಕರ್ ಮೇಲೆ ಎನಾಮಲ್ ಇಲ್ಲವೇ ಎಣ್ಣೆಬಣ್ಣದ ವಾಶ್, ಇದು ಜಗತ್ತಿನೆಲ್ಲೆಡೆ ಒಪ್ಪಿತವಾದ ಜೋಡಿ. ಎನಾಮಲ್ ಮೇಲೆ ಎನಾಮಲ್ ಹಚ್ಚುವಾಗಲೇ ಕಷ್ಟ. ಎನಾಮಲ್ ಗಾಳಿಯ ಆಮ್ಲಜನಕ ಹೀರಿ ನಿಧಾನಕ್ಕೆ ಗಟ್ಟಿಯಾಗುವಂಥದ್ದು. ಕೈಗೆ ಒಣಗಿದೆ ಅನ್ನಿಸಿದರೂ ಒಳಗೆ ವಾರಗಟ್ಟಲೆ ಎಳಸು. ಟರ್ಪ್ ತಗುಲಿದರೆ ಮತ್ತೆ ಮೆತ್ತಗಾಗುತ್ತದೆ. ಎನಾಮಲ್‌ನಲ್ಲೇ ಬಣ್ಣ ಮಾಡಿದ್ದರೆ ನಡುವೆ ಅಕ್ರಿಲಿಕ್ ವಾರ್ನಿಷ್‌ನ ಗೋಡೆ ಕಟ್ಟಬೇಕು. ಆ ಗೋಡೆಯನ್ನೂ ಒಂದಿಡೀ ದಿನ, ಸಾಧ್ಯವಾದರೆ ಎರಡು ದಿನ ಒಣಗಲು ಬಿಡಬೇಕು. ವಾರ್ನಿಷ್ ಎಲ್ಲೆಡೆ ಸಮನಾಗಿ ಕೂರುವುದಿಲ್ಲ, ಚೂಪಾದ ಅಂಚುಗಳಲ್ಲಿ ಅದು ತೆಳು. ಬಡ್ಸ್ ಉಜ್ಜುವುದೂ ಅಲ್ಲೇ. ಬಣ್ಣ ಮೊದಲು ಏಳುವುದು ಯಾವಾಗಲೂ ಅಂಚಿನಲ್ಲಿ.

ನೀರಿನ ವಾಶ್‌ಗೆ ಈ ತಾಪತ್ರಯವಿಲ್ಲ, ವಾಸನೆಯೂ ಇಲ್ಲ. ಆದರೆ ಹೊಳಪಿನ ಮೇಲೆ ಅದು ಕೆಸುವಿನೆಲೆಯ ಮೇಲಿನ ನೀರಿನಂತೆ ಗುಂಡಗಾಗಿ ಕೂರುತ್ತದೆ. ಪಾತ್ರೆ ತೊಳೆಯುವ ಸೋಪನ್ನು ಒಂಚೂರು ಬೆರೆಸಿದರೆ ಹರಿಯುತ್ತದೆ. ಕೆಲವೇ ನಿಮಿಷಗಳಲ್ಲಿ ಒರೆಸಿದರೆ ಒರೆಸಿದಂತೆ. ಫೋನ್ ಬಂತು ಎಂದು ಎದ್ದುಹೋದರೆ ಬಂದಾಗ ಅದು ಶಾಶ್ವತ. ಎನಾಮಲ್ ವಾಶ್‌ನ ಔದಾರ್ಯ ಇರುವುದೇ ಇಲ್ಲಿ. ನಾಳೆ ನೋಡಿ ಬೇಡವೆನಿಸಿದರೂ ಟರ್ಪ್ ತಾಕಿಸಿದ ಕುಂಚಕ್ಕೆ ಬಿಟ್ಟುಕೊಡುತ್ತದೆ.

ಅರಗಿನ ಮನೆತನ
*ಲ್ಯಾಕರ್ ಎಂಬ ಪದದ ಬೇರು ಸಂಸ್ಕೃತದ ಲಾಕ್ಷಾ, ನಮ್ಮ ಅರಗು. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಬರುವುದು ಅದರಿಂದಲೇ. ಚರಕಿಯ ಮೇಲೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ. ಮಾಡೆಲ್ ಮಾಡುವವರ ಇಂದಿನ ಲ್ಯಾಕರ್‌ನಲ್ಲಿ ಅರಗು ಇಲ್ಲ, ಆದರೆ ಹಿರಿಯರ ಒಂದು ಗುಣ ಉಳಿದಿದೆ. ಒಣಗಿದ ಅರಗು ಸ್ಪಿರಿಟ್‌ನಲ್ಲಿ ಮತ್ತೆ ಕರಗುವಂತೆ, ಒಣಗಿದ ಲ್ಯಾಕರ್ ಬಣ್ಣವೂ ತನ್ನ ಥಿನ್ನರ್ ಕಂಡರೆ ಮತ್ತೆ ಕರಗುತ್ತದೆ.*

ಬಣ್ಣ ಉಳಿದರೂ ಕಾಲು ಮುರಿಯಬಹುದು

ಬಣ್ಣಕ್ಕೆ ಏನೂ ಆಗಲಿಲ್ಲ ಎಂದು ನಿಟ್ಟುಸಿರು ಬಿಡುವಂತಿಲ್ಲ. ವಿಮಾನದ ಚಕ್ರದ ಕಾಲೋ ಮಾನವಾಕಾರದ ರೋಬಾಟಿನ ಮೊಣಕೈಯೋ ಮರುದಿನ ತಾನಾಗಿ ಪಟ್ಟೆಂದು ಸೀಳುವುದುಂಟು. ಟರ್ಪ್ ಅಥವಾ ಸಿಗರೇಟ್ ಲೈಟರಿಗೆ ತುಂಬುವ ದ್ರವ ಪಾಲಿಸ್ಟೈರೀನನ್ನು ನೇರವಾಗಿ ಕರಗಿಸದು, ನಿಜ. ಆದರೆ ಬಿಗಿತದಲ್ಲಿರುವ ಪ್ಲಾಸ್ಟಿಕ್‌ಗೆ ಅದು ತಗುಲಿದರೆ ಅಣುಸರಪಳಿಗಳ ನಡುವೆ ನುಸುಳಿ ಅವುಗಳ ಹಿಡಿತ ಸಡಿಲಿಸುತ್ತದೆ. ಮೊದಲು ಕಣ್ಣಿಗೆ ಕಾಣದ ಬಿರುಕು, ಆಮೇಲೆ ತುಂಡು.

ಈ ಪಾಠವನ್ನು ಅತಿ ಹೆಚ್ಚು ಸಲ ಕಲಿತವರು ಗುಂಡಮ್ ರೋಬಾಟ್ ಕಟ್ಟುವವರು. ಬಂಡಾಯ್ ಕಂಪನಿ 1980ರಿಂದ ಮಾರುತ್ತಿರುವ ಈ ಕಿಟ್‌ಗಳ ಭಾಗಗಳು ಈಗ ಅಂಟಿಲ್ಲದೆ ಒಂದರೊಳಗೊಂದು ಬಿಗಿಯಾಗಿ ಕೂರುತ್ತವೆ. ಅಂದರೆ ಪ್ರತಿ ಜೋಡಣೆಯೂ ಬಿಗಿತದಲ್ಲೇ ಇರುತ್ತದೆ. ಅನೇಕರು ಬಣ್ಣವನ್ನೇ ಹೊಡೆಯದೆ ಬರೀ ಪ್ಲಾಸ್ಟಿಕ್ ಮೇಲೆ ಎನಾಮಲ್ ವಾಶ್ ಬಿಡುತ್ತಾರೆ. ದ್ರವ ಗೆರೆಯಲ್ಲಿ ನಿಲ್ಲದೆ ಸಂದಿನೊಳಗೆ ಇಳಿದು ಮಡುಗಟ್ಟುತ್ತದೆ. ಕೀಲುಗಳಿಗೆ ಬಳಸುವ ಎಬಿಎಸ್ ಪ್ಲಾಸ್ಟಿಕ್ ಇನ್ನೂ ಸೂಕ್ಷ್ಮ. ಅನುಭವಸ್ಥರು ಕೀಲುಗಳನ್ನು ಬಿಚ್ಚಿಟ್ಟು, ಬಿಡಿ ಭಾಗಕ್ಕೆ ವಾಶ್ ಕೊಟ್ಟು, ಪೂರ್ತಿ ಒಣಗಿದ ಮೇಲೆ ಜೋಡಿಸುವುದು ಇದಕ್ಕೇ. ವಿಮಾನ ಮಾಡುವವರು ಚಕ್ರದ ಕಾಲಿಗೆ ವಾಶ್ ಕೊಟ್ಟರೆ ಅದು ಒಣಗುವವರೆಗೆ ಮಾಡೆಲನ್ನು ಬೆನ್ನ ಮೇಲೆ ಮಲಗಿಸುತ್ತಾರೆ. ಭಾರ ಕಾಲಿನ ಮೇಲಿರಬಾರದು.

ಪರೀಕ್ಷೆಗೆ ದುಬಾರಿ ಸಾಮಾನು ಬೇಕಿಲ್ಲ. ಬಳಸಿ ಬಿಸಾಡುವ ಪ್ಲಾಸ್ಟಿಕ್ ಚಮಚಕ್ಕೆ ಮಾಡೆಲ್‌ಗೆ ಹೊಡೆದ ದಿನವೇ ಅದೇ ಬಣ್ಣ, ಅದೇ ವಾರ್ನಿಷ್ ಹೊಡೆದಿಟ್ಟರೆ ಸಾಕು. ವಾಶ್ ಮೊದಲು ಬೀಳುವುದು ಚಮಚದ ಬೆನ್ನಿಗೆ. ರಾಜಾಜಿನಗರದ ಮನೆಯಲ್ಲಿ ಇಂಥ ಬೂದು ಚಮಚಗಳ ಒಂದು ಗೊಂಚಲೇ ಇದೆ. ಒಂದನ್ನು ಕೆಲಸದಾಕೆ ಅಡುಗೆಮನೆಗೆ ಸೇರಿಸಿದ ಮೇಲೆ ಅವುಗಳ ಹಿಡಿಗೆ ರಬ್ಬರ್‌ಬ್ಯಾಂಡ್ ಬಿದ್ದಿದೆ.

ಲೋಟದ ಉಂಗುರ

ತಾಯಿ ತಂದಿಟ್ಟ ಕಾಫಿ ಲೋಟದ ಅಡಿ ಮೇಜಿನ ಮೇಲೆ ಕಂದು ಉಂಗುರ ಬಿಟ್ಟಿತ್ತು. ನಡುವೆ ತಿಳಿ, ಅಂಚಿನಲ್ಲಿ ಗಾಢ. ಹೊಸಬರ ವಾಶ್ ರೆಕ್ಕೆಯ ಮೇಲೆ ಬಿಡುವುದೂ ಇದೇ ಉಂಗುರವನ್ನು.

ಅದೇಕೆ ಅಂಚಿನಲ್ಲೇ ಗಾಢ ಎಂಬುದನ್ನು ಷಿಕಾಗೊ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್, ಸಿಡ್ನಿ ನಾಗೆಲ್ ಮತ್ತು ಸಂಗಡಿಗರು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿವರಿಸಿದರು. ಹನಿಯ ಅಂಚು ಒಂದೇ ಕಡೆ ಅಂಟಿಕೊಂಡಿರುತ್ತದೆ, ಆದರೆ ಆವಿಯಾಗುವುದು ಅಲ್ಲೇ ಬೇಗ. ಕಳೆದುಕೊಂಡದ್ದನ್ನು ತುಂಬಲು ನಡುವಿನಿಂದ ದ್ರವ ಅಂಚಿನತ್ತ ಹರಿಯುತ್ತದೆ, ಹರಿಯುವಾಗ ಕಣಗಳನ್ನೂ ಹೊತ್ತೊಯ್ದು ಅಲ್ಲಿ ಗುಡ್ಡೆ ಹಾಕುತ್ತದೆ.

ಹವ್ಯಾಸಿಗೆ ಇದರಿಂದ ಸಿಗುವ ಉಪಾಯ ಸರಳ. ಹನಿ ಬಿಡಬೇಡಿ. ಕುಂಚವನ್ನು ಅದ್ದಿ, ಕಾಗದಕ್ಕೆ ಒಮ್ಮೆ ಒತ್ತಿ, ಗೆರೆಗಷ್ಟೇ ಮುಟ್ಟಿಸಿ. ಗೆರೆಯಾಚೆ ಚೆಲ್ಲಿದ್ದನ್ನು ಕೂಡಲೇ ಒರೆಸಲು ಹೋದರೆ ಗೆರೆಯೊಳಗಿನದ್ದೂ ಎದ್ದು ಬರುತ್ತದೆ. ಹತ್ತಿಪ್ಪತ್ತು ನಿಮಿಷ ಬಿಟ್ಟು, ಟರ್ಪ್‌ನಲ್ಲಿ ಅದ್ದಿ ಒಣಕಲಾಗುವಷ್ಟು ಹಿಂಡಿದ ಬಡ್ಸ್‌ನಿಂದ ಮೂಗಿನ ಕಡೆಯಿಂದ ಬಾಲದ ಕಡೆಗೆ ಒಂದೇ ದಿಕ್ಕಿನಲ್ಲಿ ಸವರಬೇಕು. ಅಂಚುಗಳಲ್ಲಿ ಕೈ ಹಗುರ.

ಒಂದೇ ದಿಕ್ಕೇಕೆ? ಕೊಳೆಗೂ ದಿಕ್ಕಿರುತ್ತದೆ. ಹಾರುವ ವಿಮಾನದಲ್ಲಿ ಸೋರಿದ ಎಣ್ಣೆ ಗಾಳಿಯ ಜತೆ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. ಹಡಗಿನಲ್ಲಿ, ಟ್ಯಾಂಕಿನಲ್ಲಿ ಅದು ನೆಲದ ಕಡೆ ಇಳಿಯುತ್ತದೆ. ಈ ವ್ಯತ್ಯಾಸವನ್ನು ಕಣ್ಣಾರೆ ಕಾಣಲು ಕನ್ನಡಿಗರು ದೂರ ಹೋಗಬೇಕಿಲ್ಲ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಮುಂದೆ ನಿಂತಿದೆ ಮಾರುತ್, ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ರೂಪಿಸಿದ, 1961ರ ಜೂನ್ 17ರಂದು ಇಲ್ಲೇ ಮೊದಲು ಹಾರಿದ ಯುದ್ಧವಿಮಾನ. ಈಗ ಅದು ಹಾರುವುದಿಲ್ಲ. ಬಯಲಲ್ಲಿ ನಿಂತ ವಿಮಾನದ ಮೇಲೆ ಮಳೆನೀರು ನೆಲದ ಕಡೆಗಷ್ಟೇ ಇಳಿಯುತ್ತದೆ. ಸೇವೆಯಲ್ಲಿದ್ದ ವಿಮಾನ ಮಾಡುತ್ತೇನೆಂದು ಈ ಕಲೆಗಳ ಫೋಟೊ ನೋಡಿ ವಾಶ್ ಎಳೆದವರ ಮಾಡೆಲ್ ಸೇವೆಯಲ್ಲಿದ್ದಂತಲ್ಲ, ಮ್ಯೂಸಿಯಮ್ಮಿನಲ್ಲಿ ನಿಂತಂತೆ ಕಾಣುತ್ತದೆ. ಹಡಗು ಮಾಡುವವರಿಗೆ ಕಾರವಾರದ ಕಡಲತೀರದ ಐಎನ್‌ಎಸ್ ಚಪಲ್ ಯುದ್ಧನೌಕೆ ಇದೆ. ಉಪ್ಪುಗಾಳಿಗೆ ಒಡ್ಡಿದ ಉಕ್ಕನ್ನು ನೋಡುತ್ತ ಒಂದು ಸುತ್ತು ಬಂದರೆ ಒಂದು ಪುಸ್ತಕ ಓದಿದಷ್ಟು ತಿಳಿಯುತ್ತದೆ.

ಎಷ್ಟು ಕೊಳೆ?

ಹವ್ಯಾಸಿಗಳ ನಡುವೆ ಎಂದೂ ತೀರದ ಜಗಳ ಇದು. ಮಿಗ್-21ರ ರೆಕ್ಕೆಯ ಹರವು 7.15 ಮೀಟರ್, 1/48ರಲ್ಲಿ ಅದು 15 ಸೆಂಟಿಮೀಟರ್. ಮಾಡೆಲ್ ಮೇಲೆ ಒಂದು ಮಿಲಿಮೀಟರ್ ಅಗಲದ ಕಪ್ಪು ಗೆರೆ ಬಂದರೆ ಅಸಲಿ ವಿಮಾನದಲ್ಲಿ ಅದು 48 ಮಿಲಿಮೀಟರ್, ಹತ್ತಿರ ಹತ್ತಿರ ಎರಡು ಅಂಗುಲದ ಬಿರುಕು. ಮೂರು ಬೆರಳು ತೂರಿಸಬಹುದಾದ ಬಿರುಕಿಟ್ಟುಕೊಂಡು ಶಬ್ದಕ್ಕಿಂತ ವೇಗವಾಗಿ ಯಾವ ಪೈಲಟ್ ಹಾರಿಯಾನು? ಅದಕ್ಕೇ ಬಲ್ಲವರು ಅಚ್ಚಕಪ್ಪು ಬಳಸುವುದಿಲ್ಲ. ಬೂದು ಮೈಗೆ ಕಡುಬೂದು, ಹಸಿರು-ಕಂದು ಮೈಗೆ ಕಡುಕಂದು.

ಕೊಳೆಗೆ ಕಾರಣವೂ ಬೇಕು. ಎರಡನೇ ಮಹಾಯುದ್ಧದ ಜಪಾನಿ ಸೇನೆಯ ಅನೇಕ ವಿಮಾನಗಳ ಬಣ್ಣ ಹಪ್ಪಳದಂತೆ ಎದ್ದುಹೋದದ್ದು ಅಡಿಯಲ್ಲಿ ಪ್ರೈಮರ್ ಇಲ್ಲದ್ದರಿಂದ. ಪೆಸಿಫಿಕ್ ದ್ವೀಪಗಳ ಅಮೆರಿಕದ ವಿಮಾನಗಳು ಮಾಸಿದ್ದು ಹವಳದ ಪುಡಿಯ ರನ್‌ವೇಗಳಲ್ಲಿ. ಶಾಂತಿಕಾಲದ ವಾಯುಪಡೆಯ ವಿಮಾನವನ್ನು ನಿಯಮಿತವಾಗಿ ತೊಳೆದು ಒರೆಸುವವರಿರುತ್ತಾರೆ. ಅಂಗಡಿಯಲ್ಲಿ ಜಂಗಿನ ಶೀಶೆ ಇದೆ ಎಂದು ಅಲ್ಯೂಮಿನಿಯಂ ವಿಮಾನಕ್ಕೂ ಕೆಂಪು ಜಂಗು ಬಳಿದವರನ್ನು ಪ್ರದರ್ಶನಗಳಲ್ಲಿ ನೋಡಬಹುದು. ಅಲ್ಯೂಮಿನಿಯಂಗೆ ಕೆಂಪು ಜಂಗು ಹಿಡಿಯುವುದಿಲ್ಲ ಎಂದು ಹೇಳಲು ಯಾರಿಗೂ ಮನಸ್ಸಾಗುವುದಿಲ್ಲ, ಅಷ್ಟು ಕಷ್ಟಪಟ್ಟಿರುತ್ತಾರೆ.

ಮಾಡೆಲ್ ಸರಿ, ಮಾಡುವವರು?
*ಟರ್ಪ್ ಚರ್ಮದ ಜಿಡ್ಡನ್ನು ಕಿತ್ತು ಒಣಗಿಸುತ್ತದೆ, ಆವಿ ತಲೆನೋವು ತರುತ್ತದೆ. ನೈಟ್ರೈಲ್ ಕೈಚೀಲ, ತೆರೆದ ಕಿಟಕಿ ಇರಲಿ. ಸ್ಪ್ರೇ ಮಾಡುವಾಗ ಧೂಳಿನ ಮಾಸ್ಕ್ ಸಾಲದು, ಸಾವಯವ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಹಬ್ಬದ ದೀಪ, ಊದುಬತ್ತಿ, ಗ್ಯಾಸ್ ಒಲೆ ಹತ್ತಿರ ಬೇಡ. ಎಣ್ಣೆಬಣ್ಣದಲ್ಲಿರುವ ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದುಡಿ ಬುಟ್ಟಿಗೆ ಹಾಕಿದರೆ ಒಣಗುವಾಗಿನ ಬಿಸಿಗೆ ತಾನಾಗಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿ ಎಸೆಯಿರಿ. ಥಿನ್ನರನ್ನು ಖಾಲಿ ನೀರಿನ ಬಾಟಲಿಗೆ ಎಂದೂ ತುಂಬಬೇಡಿ. ನೋಡಲು ಅದು ನೀರಿನಂತೆಯೇ.*

ಇನ್ನೊಂದು ಶತ್ರು ನಮ್ಮ ಮಳೆಗಾಲ. ಜಪಾನಿನ ಶೀಶೆಯ ಮೇಲೆ ಬರೆದ ಒಣಗುವ ಅವಧಿ ಮಂಗಳೂರಿನ ಜುಲೈಗೆ ಹೊಂದುವುದಿಲ್ಲ. ಗಾಳಿಯಲ್ಲೇ ನೀರು ತುಂಬಿರುವಾಗ ಅಕ್ರಿಲಿಕ್‌ನ ನೀರು ಹಾರಲು ತಡ. ವಾರ್ನಿಷ್ ಸ್ಪ್ರೇ ಮಾಡಿದರೆ ದ್ರಾವಕ ಸರಕ್ಕನೆ ಹಾರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕಟ್ಟಿಕೊಂಡು ಬೂದಿ ಎರಚಿದಂಥ ಬಿಳಿ ಮಂಕು ಕವಿಯುತ್ತದೆ. ಒಂದು ದಿನ ಕಾಯಿರಿ ಎಂದಲ್ಲಿ ಎರಡು ದಿನ ಕಾಯುವುದು, ಮಳೆ ಹಿಡಿದ ದಿನ ಸ್ಪ್ರೇ ಡಬ್ಬವನ್ನು ಮುಟ್ಟದಿರುವುದು ಇಲ್ಲಿನವರ ರೂಢಿ.

ಮರುದಿನ ವಿಜಯದಶಮಿ. ರಾಜಾಜಿನಗರದ ಮಿಗ್ ರಾತ್ರಿಯಿಡೀ ಬೋರಲು ಮುಚ್ಚಿದ ಪ್ಲಾಸ್ಟಿಕ್ ಡಬ್ಬದಡಿ ಧೂಳು ತಾಗದಂತೆ ಒಣಗಿತ್ತು. ಗೆರೆಗಳು ಸಪೂರ ಉಳಿದಿದ್ದವು, ಉಂಗುರಗಳಿರಲಿಲ್ಲ, ಕಾಲುಗಳು ನೆಟ್ಟಗಿದ್ದವು. ಹೊಟ್ಟೆಯಡಿಯ ಫಿರಂಗಿಯ ಹಿಂದೆ ಹೊಗೆಯ ಒಂದು ತೆಳು ಎಳೆ. ಮಧ್ಯಾಹ್ನ ಬಾಲ್ಕನಿಯಲ್ಲಿ ಕೊನೆಯ ಮ್ಯಾಟ್ ವಾರ್ನಿಷ್ ಬಿತ್ತು. ಫಳಫಳ ಅಡಗಿ, ವರ್ಷಗಟ್ಟಲೆ ಬಿಸಿಲು ಕಂಡ ಬೂದು ಮೈ ಬಂತು. ಅದನ್ನು ಕಪಾಟಿನ ಮೇಲಿಟ್ಟು ಎಂಜಿನಿಯರ್ ಬನ್ನಿ ಕೊಡಲು ನೆಂಟರ ಮನೆಗೆ ಹೋದರು.

ಸಂಜೆ ಬಂದು ನೋಡಿದರೆ ಮಿಗ್‌ನ ಮೂಗಿನ ಮೇಲೆ, ಗಾಳಿ ನುಂಗುವ ಬಾಯಿಯ ಅಂಚಿನಲ್ಲಿ, ಒದ್ದೆ ಬೆರಳಲ್ಲಿ ಇಟ್ಟ ದುಂಡನೆಯ ಕುಂಕುಮ.

"ನಿನ್ನೆ ಬೇಡ, ಹಸಿ ಇದೆ ಅಂದಿದ್ಯಲ್ಲ," ಎಂದರು ತಾಯಿ, "ಇವತ್ತು ಒಣಗಿತ್ತು."

ಎಂಜಿನಿಯರ್ ಮೊದಲು ಒಣ ಕುಂಚದಲ್ಲಿ ಕೊಡವಿದರು. ಆಮೇಲೆ ಒದ್ದೆ ಬಡ್ಸ್. ಬಡ್ಸ್ ಗುಲಾಬಿಯಾಯಿತು, ಮ್ಯಾಟ್ ಮೈಯ ಗುಳಿಗಳಲ್ಲಿ ಕೂತ ಕೆಂಪು ಅಲ್ಲಾಡಲಿಲ್ಲ. ಟರ್ಪ್ ಶೀಶೆಗೆ ಕೈ ಹೋಯಿತು, ಎಡರೆಕ್ಕೆಯನ್ನು ಗೋಡೆಗೆ ತಿರುಗಿಸಿಟ್ಟ ನ್ಯಾಟ್ ಕಣ್ಣಿಗೆ ಬಿತ್ತು, ಕೈ ವಾಪಸ್ ಬಂತು. ಮುಂದಿನ ಭಾನುವಾರ ಮಾಡೆಲ್ ನೋಡಲು ಬಂದ ಗೆಳೆಯರೊಬ್ಬರು ಮೂಗಿನ ಆ ಕೆಂಪು ಬೊಟ್ಟನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿ, ಇದು ಯಾವ ಸ್ಕ್ವಾಡ್ರನ್ನಿನ ಗುರುತು, ಎಲ್ಲೂ ಕಂಡಿಲ್ಲವಲ್ಲ ಎಂದು ಕೇಳಿದರು.

"ರಾಜಾಜಿನಗರದ್ದು," ಎಂದರು ಎಂಜಿನಿಯರ್.